ಕಾಫಿ ಕಣದಲ್ಲಿ ಕೂತು ಕಣಗಳ ಬಗ್ಗೆ

ನಮ್ಮ ಕಡೆ ಕಣ ಅಂದರೆ ಕಾಫಿ ಒಣಗಿಸುವ ಜಾಗ. ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರಿನ ಸುತ್ತಮುತ್ತ ಯಾವ ತೋಟದ ಮನೆಗೆ ಹೋದರೂ ಅಂಗಳದಾಚೆ ಒಂದು ಕಣ, ಕಣದ ತುಂಬ ಹಣ್ಣು. ಮಗಳ ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಬರುವ ಕಣ ಬೇರೆ. ಎಲ್ಲ ವಸ್ತುವೂ ಆಗಿರುವುದು ಅದರಿಂದಲೇ, ಆದರೆ ಅದು ಕಣ್ಣಿಗೆ ಕಾಣದ್ದು. ಒಂದೇ ಪದ, ಎರಡು ಅರ್ಥ. ಈ ಎರಡೂ ನನ್ನ ತಲೆಯಲ್ಲಿ ಒಟ್ಟಿಗೆ ಸೇರಿಕೊಂಡಿದ್ದು ಈ ಸಲದ ಕೊಯ್ಲಿನಲ್ಲಿ. ಮರೆಯುವ ಮೊದಲು ಬರೆದಿಡಬೇಕು ಅನ್ನಿಸಿತು.

ಅವತ್ತು ನಾನು ಹಣ್ಣು ಮಗುಚುತ್ತಾ ಇದ್ದೆ. ಅವಳು ಕಟ್ಟೆ ಮೇಲೆ ಕೂತು ಓದುತ್ತಿದ್ದಳು. ಇದ್ದಕ್ಕಿದ್ದ ಹಾಗೆ ತಲೆ ಎತ್ತಿ, "ಅಪ್ಪಾ, ಕಣಗಳ ಮಧ್ಯೆ ಜಾಗ ಇರುತ್ತೆ ಅಂತ ಬರೆದಿದ್ದಾರೆ. ಆ ಜಾಗದಲ್ಲಿ ಏನಿರುತ್ತೆ?" ಅಂತ ಕೇಳಿದಳು.

"ಗಾಳಿ" ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಅವಳ ವಯಸ್ಸಿನಲ್ಲಿ ನಾನು ಪರೀಕ್ಷೆಯಲ್ಲಿ ಇದೇ ಉತ್ತರ ಬರೆದಿದ್ದೆ, ಅದಕ್ಕೆ ಸರಿ ಗುರುತೂ ಬಿದ್ದಿತ್ತು. ಎಷ್ಟೋ ವರ್ಷ ಅದನ್ನೇ ನಂಬಿಕೊಂಡು ಬಂದೆ. ಆದರೆ ಗಾಳಿಯೂ ಕಣಗಳಿಂದಲೇ ಆಗಿದ್ದು ಅಲ್ವಾ? ಹಾಗಾದರೆ ಗಾಳಿಯ ಕಣಗಳ ಮಧ್ಯೆ ಏನು? ಮತ್ತೆ ಗಾಳಿಯಾ?

"ಏನೂ ಇಲ್ಲ ಪುಟ್ಟಿ. ಬರೀ ಖಾಲಿ" ಅಂದೆ.

ಅವಳು ನಂಬಲಿಲ್ಲ. ಖಾಲಿ ಅಂದರೆ ಖಾಲಿಯೇ, ಅಲ್ಲಿ ಒಂದು ಚೂರು ಏನೂ ಇಲ್ಲ ಅನ್ನುವುದನ್ನು ಮನಸ್ಸು ಸುಲಭಕ್ಕೆ ಒಪ್ಪುವುದಿಲ್ಲ. ನನಗೂ ಹಾಗೇ ಆಗಿತ್ತು. ಮಗುಚುವುದನ್ನು ಅಲ್ಲಿಗೇ ಬಿಟ್ಟು ಅವಳ ಪಕ್ಕ ಕೂತೆ.

ಪುಸ್ತಕದಲ್ಲಿ ಮೂರು ಚೌಕ. ನಾವೆಲ್ಲ ನೋಡಿದ್ದೇವೆ. ಘನದ ಚೌಕದಲ್ಲಿ ಗೋಲಿಗಳು ಒತ್ತೊತ್ತಾಗಿ ಸಾಲು ಹಿಡಿದು ನಿಂತಿವೆ. ದ್ರವದ ಚೌಕದಲ್ಲಿ ಸ್ವಲ್ಪ ಬಿಡಿಬಿಡಿ. ಅನಿಲದ ಚೌಕದಲ್ಲಿ ಅಲ್ಲೊಂದು ಇಲ್ಲೊಂದು. ನೋಡಿದವರಿಗೆ ಏನನ್ನಿಸುತ್ತದೆ? ದ್ರವ ಅನ್ನುವುದು ಘನಕ್ಕೂ ಅನಿಲಕ್ಕೂ ಸರಿಯಾಗಿ ನಡುವೆ ಇದೆ ಅಂತ. ಈ ಚಿತ್ರದ ಮೇಲೆ ನನಗೆ ನಿಜವಾಗಿಯೂ ಬೇಜಾರಿದೆ. ಒಂದು ಲೋಟ ನೀರು ಕುದಿದು ಪೂರ್ತಿ ಆವಿಯಾದರೆ, 100 ಡಿಗ್ರಿ ಬಿಸಿಯಲ್ಲಿ ಅದು ಸುಮಾರು 1,600ರಿಂದ 1,700 ಲೋಟದಷ್ಟು ಜಾಗ ಹಿಡಿಯುತ್ತದೆ. ಅಂದರೆ ಕಣದಿಂದ ಕಣಕ್ಕೆ ಇರುವ ದೂರ ಹತ್ತು ಹನ್ನೆರಡು ಪಟ್ಟು ಜಾಸ್ತಿ ಆಯಿತು. ಅದೇ ಒಂದು ಘನ ಕರಗಿ ದ್ರವ ಆದಾಗ? ಹೆಚ್ಚಿನ ಪದಾರ್ಥಗಳು ನೂರಕ್ಕೆ ಹತ್ತರಷ್ಟು ಹಿಗ್ಗಿದರೆ ದೊಡ್ಡದು. ದ್ರವದ ಕಣಗಳೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಇಕ್ಕಟ್ಟಿನ ವಿಷಯಕ್ಕೆ ಬಂದರೆ ದ್ರವ ಘನದ ಒಡಹುಟ್ಟಿದ್ದು, ಅನಿಲ ಎಲ್ಲೋ ದೂರದ ನೆಂಟ.

ಇದನ್ನು ತೋರಿಸಲು ನಾನು ಒಳಗೆ ಹೋಗಿ ಕೊಬ್ಬರಿ ಎಣ್ಣೆ ಬಾಟಲಿ ತಂದೆ. ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಬೆಳಗ್ಗೆ ಇದು ಗಟ್ಟಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಇಳಿದರೆ ಹೆಪ್ಪುಗಟ್ಟಲು ಶುರು, ನಮ್ಮಲ್ಲಿ ಡಿಸೆಂಬರ್ ಜನವರಿಯ ಬೆಳಗಿಗೆ ಅದು ದೊಡ್ಡ ಮಾತಲ್ಲ. ಅಮ್ಮ ದಿನಾ ಬಚ್ಚಲ ಒಲೆ ಹತ್ತಿರ ಇಟ್ಟು ಕರಗಿಸುತ್ತಾರೆ. ಅಗಲ ಬಾಯಿನ ಬಾಟಲಿಯಾದರೆ ಮುಚ್ಚಳ ತೆಗೆದು ನೋಡಿ, ಗಟ್ಟಿಯಾದ ಎಣ್ಣೆಯ ನಡುವೆ ಒಂದು ಸಣ್ಣ ತಗ್ಗು ಕಾಣುತ್ತದೆ. ಅಂಚಿನಿಂದ ಗಟ್ಟಿಯಾಗುತ್ತಾ ಬಂದು, ಕೊನೆಗೆ ನಡುವಿನ ಎಣ್ಣೆ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗಿ ಕೆಳಗೆ ಇಳಿದಿರುತ್ತದೆ. ದ್ರವ ಘನವಾದಾಗ ಆಗುವ ವ್ಯತ್ಯಾಸ ಅಷ್ಟೇ. ಒಂದು ತಗ್ಗಿನಷ್ಟು. ಅರ್ಧ ಕರಗಿದಾಗ ನೋಡಿದರೆ ಬಿಳಿ ಚೂರುಗಳು ತಳ ಸೇರಿರುತ್ತವೆ, ಯಾಕೆಂದರೆ ಘನ ಸ್ವಲ್ಪ ಜಾಸ್ತಿ ಒತ್ತಾಗಿದೆ, ಅದಕ್ಕೇ ಭಾರ.

"ಮತ್ತೆ ಐಸ್ ತೇಲುತ್ತಲ್ಲ?" ಅಂದಳು. ಸರಿಯಾದ ಪ್ರಶ್ನೆ. ನೀರು ಇಲ್ಲಿ ಹೆಚ್ಚಿನ ಪದಾರ್ಥಗಳಿಗಿಂತ ಬೇರೆ. ಮಂಜುಗಡ್ಡೆ ಆಗುವಾಗ ನೀರಿನ ಅಣುಗಳು ಒಂದೊಂದೂ ಸುತ್ತಲಿನ ನಾಲ್ಕನ್ನು ಹಿಡಿದುಕೊಂಡು ಆರು ಮೂಲೆಯ ಬಲೆಯ ಹಾಗೆ ನಿಲ್ಲುತ್ತವೆ, ಬಲೆಯ ನಡುವೆ ಟೊಳ್ಳು ಉಳಿಯುತ್ತದೆ. ಹಾಗಾಗಿ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ. ಆ ಟೊಳ್ಳಿನಲ್ಲೂ ಗಾಳಿ ಇಲ್ಲ ಅಂತ ಮತ್ತೆ ಹೇಳಿದೆ. ಈ ಸಲ ಅವಳು ವಾದ ಮಾಡಲಿಲ್ಲ.

ಹಾಗಾದರೆ ಘನಕ್ಕೂ ದ್ರವಕ್ಕೂ ಇರುವ ನಿಜವಾದ ವ್ಯತ್ಯಾಸ ಏನು? ಬೇಲೂರಿನ ತೇರಿನ ದಿನ ದೇವಸ್ಥಾನದ ಮುಂದೆ ನಿಂತವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಮೈಗೆ ಮೈ ತಾಗುವಷ್ಟು ಜನ. ಕಾಲಿಡಲು ಜಾಗ ಇಲ್ಲ. ಆದರೂ ಜನ ಹರಿಯುತ್ತಾರೆ. ಒಬ್ಬರ ಪಕ್ಕದಿಂದ ಜಾರಿ ಇನ್ನೊಬ್ಬರ ಪಕ್ಕಕ್ಕೆ ಹೋಗುತ್ತೀರಿ, ನೀವು ಬಿಟ್ಟ ಜಾಗಕ್ಕೆ ಮತ್ತ್ಯಾರೋ ಬಂದು ಸೇರುತ್ತಾರೆ, ಜೊತೆಯಲ್ಲಿ ಬಂದವರು ಹತ್ತು ನಿಮಿಷ ಬಿಟ್ಟು ನೋಡಿದರೆ ಇನ್ನೆಲ್ಲೋ ಇರುತ್ತಾರೆ. ಅದು ದ್ರವ. ಇಕ್ಕಟ್ಟು ಇದೆ, ಆದರೆ ಯಾರಿಗೂ ಇಂಥದ್ದೇ ಜಾಗ ಅಂತ ಇಲ್ಲ. ಘನ ಅಂದರೆ ಸ್ಕೂಲಿನ ಬೆಳಗಿನ ಪ್ರಾರ್ಥನೆಯ ಸಾಲು. ಒಬ್ಬರೂ ಜಾಗ ಬಿಟ್ಟು ಹೋಗುವುದಿಲ್ಲ, ಒಬ್ಬರೂ ಸುಮ್ನೆ ನಿಂತಿರುವುದೂ ಇಲ್ಲ. ಬೆಲ್ ಹೊಡೆದು ಮೈದಾನಕ್ಕೆ ಬಿಟ್ಟ ಮೇಲೆ ಏನಾಗುತ್ತದೋ ಅದು ಅನಿಲ.

ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಮಕ್ಕಳು ತಮಗೆ ಬೇಕಾಗಿ ಓಡುತ್ತಾರೆ, ಕಣಗಳಿಗೆ ಬೇಕು ಬೇಡ ಇಲ್ಲ. ಕಣಗಳು ಒಂದನ್ನೊಂದು ಎಳೆದುಕೊಳ್ಳುತ್ತವೆ, ಅದು ಒಂದು ಕಡೆ. ಅವುಗಳ ಓಡಾಟ, ಕುಲುಕಾಟ ಇನ್ನೊಂದು ಕಡೆ. ಬಿಸಿ ಅಂತ ನಾವು ಕರೆಯುವುದು ಈ ಕುಲುಕಾಟವನ್ನೇ. ಎಳೆತ ಗೆದ್ದರೆ ಘನ. ಕುಲುಕಾಟ ಪೂರ್ತಿ ಗೆದ್ದರೆ ಅನಿಲ. ಎರಡೂ ಒಂದಕ್ಕೊಂದು ಸರಿಸಮ ನಿಂತಿದ್ದರೆ ದ್ರವ. ಇದನ್ನು ನನಗೆ ಸ್ಕೂಲಿನಲ್ಲಿ ಯಾರಾದರೂ ಇಷ್ಟೇ ಮಾತಿನಲ್ಲಿ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಚೌಕದಲ್ಲಿ ನಿಂತ ಗೋಲಿಗಳನ್ನು ನೋಡಿದವರಿಗೆ ಅವು ಅಲ್ಲಾಡುತ್ತವೆ ಅನ್ನುವುದೇ ಗೊತ್ತಾಗುವುದಿಲ್ಲ, ಎಲ್ಲಾ ವಿಷಯವೂ ಆ ಅಲ್ಲಾಟದಲ್ಲೇ ಇದೆ.

ಅದೇ ಬೇಲೂರಿನ ಗುಡಿಯ ಕಲ್ಲನ್ನು ನೋಡಿ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ನಿಂತ ಗುಡಿ. ಬಳಪದ ಕಲ್ಲಿನಲ್ಲಿ ಕಡೆದ ಮದನಿಕೆಯರ ಬಳೆ, ಓಲೆ, ಸರದ ಒಂದೊಂದು ಮಣಿ ಕೂಡ 900 ವರ್ಷದಿಂದ ಇದ್ದಲ್ಲೇ ಇದೆ. ಆ ಕಲ್ಲಿನ ಒಳಗೆ ಒಂದೊಂದು ಪರಮಾಣುವೂ ಸೆಕೆಂಡಿಗೆ ಲಕ್ಷ ಕೋಟಿ ಸಲದ ಲೆಕ್ಕದಲ್ಲಿ ನಡುಗುತ್ತಾ ಇದೆ, ಈಗಲೂ, ನೀವು ಇದನ್ನು ಓದುವಾಗಲೂ. ನಡುಗುತ್ತದೆ, ಆದರೆ ತನ್ನ ಜಾಗ ಬಿಡುವುದಿಲ್ಲ. ನಡುಹಗಲು ಚಪ್ಪಲಿ ಬಿಟ್ಟು ಆ ಅಂಗಳದಲ್ಲಿ ನಡೆದಿದ್ದರೆ ಈ ನಡುಕ ನಿಮ್ಮ ಅಂಗಾಲಿಗೆ ತಾಗಿದೆ. ಕಲ್ಲು ಸುಡುತ್ತೆ ಅಂತ ಓಡಿ ನೆರಳಿಗೆ ಹೋಗುತ್ತೇವಲ್ಲ, ಬಿಸಿಲಿಗೆ ಜೋರಾಗಿ ನಡುಗುತ್ತಿರುವ ಕಲ್ಲಿನ ಕಣಗಳು ನಮ್ಮ ಕಾಲಿನ ಕಣಗಳನ್ನು ತಳ್ಳಿ ಅಲ್ಲಾಡಿಸುವುದೇ ಆ ಸುಡುವಿಕೆ.

ಘನದಲ್ಲೂ ಅಪರೂಪಕ್ಕೆ ಕಣಗಳು ಜಾಗ ಬದಲಾಯಿಸುತ್ತವೆ. 1896ರಲ್ಲಿ ರಾಬರ್ಟ್ಸ್ ಆಸ್ಟೆನ್ ಅನ್ನುವ ಇಂಗ್ಲೆಂಡಿನ ಲೋಹತಜ್ಞ, ಸೀಸದ ತುಂಡಿಗೆ ಬಂಗಾರ ತಾಗಿಸಿಟ್ಟು, ಸೀಸ ಕರಗದಷ್ಟು ಬಿಸಿಯಲ್ಲೇ ಬಂಗಾರ ಅದರೊಳಗೆ ನುಗ್ಗಿ ಹೋಗುವುದನ್ನು ತೋರಿಸಿದ. ಇದನ್ನು ಓದಿದ ದಿನ ರಾತ್ರಿ ತುಂಬಾ ಹೊತ್ತು ಅದೇ ಯೋಚನೆಯಲ್ಲಿದ್ದೆ.

ದ್ರವದ ಓಡಾಟ ನೋಡಲು ನಮ್ಮ ತೋಟದವರಿಗೆ ಬೇರೆ ಲ್ಯಾಬ್ ಬೇಡ. ಮೈಲುತುತ್ತ ಇದೆ. ಗಿಡಗಳ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಮನೆಯಲ್ಲಿ ಆ ನೀಲಿ ಹರಳು ಇದ್ದೇ ಇರುತ್ತದೆ. ಒಂದು ಹಳೆ ಗಾಜಿನ ಬಾಟಲಿಗೆ ನೀರು ತುಂಬಿ ಒಂದು ಹರಳು ಮೆಲ್ಲಗೆ ತಳಕ್ಕೆ ಬಿಟ್ಟೆವು. ಅದು ವಿಷ, ಕುಡಿಯುವ ಲೋಟ ಮುಟ್ಟಬೇಡಿ ಅಂತ ಅಮ್ಮ ಮೊದಲೇ ಹೇಳಿದ್ದರು, ಅದಕ್ಕೇ ಬಾಟಲಿ. ಮೇಲೆ ಚೀಟಿ ಅಂಟಿಸಿ, ಯಾರೂ ಅಲ್ಲಾಡಿಸದ ಹಾಗೆ ಕಿಟಕಿ ಮೇಲೆ ಎತ್ತರದಲ್ಲಿ ಇಟ್ಟೆವು.

ಮೊದಲ ದಿನ ತಳದಲ್ಲಿ ಬೆರಳು ದಪ್ಪಕ್ಕಿಂತ ಕಡಿಮೆ ಕಡು ನೀಲಿ. ಮೂರನೇ ದಿನ ಆ ನೀಲಿಯ ಮೇಲಂಚು ಮಸುಕಾಯಿತು, ಇಲ್ಲಿಂದ ಇಲ್ಲಿಗೆ ಅಂತ ಗೆರೆ ಎಳೆಯಲು ಆಗದ ಹಾಗೆ. ವಾರ ಕಳೆದರೂ ಮೇಲಿನ ನೀರು ತಿಳಿಯಾಗೇ ಇತ್ತು. ಮಗಳಿಗೆ ನಿರಾಸೆ. ನನಗೆ ಮಾತ್ರ ಅದೇ ದೊಡ್ಡ ವಿಷಯ ಅನ್ನಿಸಿತು. ನೀರಿನ ಕಣಗಳು ಸುಮ್ನೆ ಕೂತಿಲ್ಲ, ಒಂದು ಹನಿಯಲ್ಲಿ 1ರ ಮುಂದೆ 21 ಸೊನ್ನೆ ಹಾಕಿದಷ್ಟು ಅಣುಗಳಿವೆ, ಎಲ್ಲವೂ ಓಡುತ್ತಿವೆ. ಆದರೆ ತೇರಿನ ಜಾತ್ರೆಯಲ್ಲಿ ದಾರಿ ಹಿಡಿದು ನೇರಕ್ಕೆ ಹೋಗಲು ಆಗುತ್ತದಾ? ಒಂದು ಹೆಜ್ಜೆ ಮುಂದೆ, ಎರಡು ಪಕ್ಕಕ್ಕೆ, ಮತ್ತೆ ಹಿಂದೆ. ಹೀಗೆ ಗೊತ್ತುಗುರಿ ಇಲ್ಲದೆ ಅಲೆಯುವ ಕಣ ಎರಡು ಪಟ್ಟು ದೂರ ಹೋಗಲು ನಾಲ್ಕು ಪಟ್ಟು ಸಮಯ ಬೇಕು. ಹತ್ತು ಪಟ್ಟು ದೂರಕ್ಕೆ ನೂರು ಪಟ್ಟು. ಅದಕ್ಕೇ ನಾವು ಕಾಫಿಗೆ ಸಕ್ಕರೆ ಹಾಕಿದ ಮೇಲೆ ಚಮಚ ಆಡಿಸುವುದು. ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸುವಾಗ ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನ ಮೇಲ್ಭಾಗದಲ್ಲೇ ನೇತು ಹಾಕುತ್ತಾರಲ್ಲ, ಹಳಬರ ಆ ಉಪಾಯದ ಅರ್ಥ ನನಗೆ ಆ ಬಾಟಲಿ ನೋಡಿದ ಮೇಲೆ ಪೂರ್ತಿ ಹೊಳೆಯಿತು. ಕರಗಿದ ನೀಲಿ ನೀರು ಭಾರ, ತಾನೇ ಕೆಳಗೆ ಇಳಿಯುತ್ತದೆ, ಅದರ ಜಾಗಕ್ಕೆ ಹೊಸ ನೀರು ಬರುತ್ತದೆ. ತಳಕ್ಕೆ ಹಾಕಿದರೆ ಆ ಭಾರದ ನೀರು ಹರಳಿನ ಸುತ್ತಲೇ ಕೂತುಬಿಡುತ್ತದೆ.

ಗಾಳಿಯಲ್ಲಿ ಈ ಅಲೆದಾಟ ನೀರಿಗಿಂತ ಸುಮಾರು 10,000 ಪಟ್ಟು ಚುರುಕು. ನಮ್ಮ ಸುತ್ತಲಿನ ಗಾಳಿಯ ಕಣಗಳು ಗಂಟೆಗೆ 1,600 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಓಡುತ್ತವೆ. ಮಾರ್ಚ್ ಏಪ್ರಿಲ್ ಹೊತ್ತಿಗೆ ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದಲ್ಲ, ಆ ಮಲ್ಲಿಗೆಯಂಥ ವಾಸನೆಯ ಕಣಗಳು ಇನ್ನೂ ಸ್ವಲ್ಪ ಭಾರ, ಆದರೂ ಅವುಗಳ ವೇಗ ಗಂಟೆಗೆ ನೂರಾರು ಕಿಲೋಮೀಟರ್. ಹಾಗಿದ್ದರೆ ತೋಟದ ಆ ತುದಿಯ ಘಮ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಜಗಲಿಗೆ ಬರಬೇಕು. ಬರುವುದಿಲ್ಲ. ಗಾಳಿ ಬೀಸಿದರೇ ಬರುವುದು. ಯಾಕೆಂದರೆ ಒಂದು ಮಿಲಿಮೀಟರನ್ನು ಹತ್ತು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು ದೂರವೂ ಹೋಗುವ ಮೊದಲೇ ಕಣ ಇನ್ನೊಂದಕ್ಕೆ ಢಿಕ್ಕಿ ಹೊಡೆದು ದಿಕ್ಕು ಬದಲಿಸುತ್ತದೆ. ಸೆಕೆಂಡಿಗೆ ನೂರಾರು ಕೋಟಿ ಢಿಕ್ಕಿ. ಅಷ್ಟು ಓಡಿಯೂ ಇದ್ದಲ್ಲೇ ಸುತ್ತುತ್ತದೆ.

ಇದನ್ನು ಮೊದಲು ಗಮನವಿಟ್ಟು ನೋಡಿದವರಲ್ಲಿ ಒಬ್ಬ ಸಸ್ಯವಿಜ್ಞಾನಿ ಅನ್ನುವುದು ನನಗೆ ಇಷ್ಟದ ಸಂಗತಿ. 1827ರಲ್ಲಿ ರಾಬರ್ಟ್ ಬ್ರೌನ್ ಹೂವಿನ ಪರಾಗವನ್ನು ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಪರಾಗದೊಳಗಿಂದ ಬಂದ ಸಣ್ಣ ಸಣ್ಣ ಚೂರುಗಳು ನಿಲ್ಲದೆ ಕುಣಿಯುತ್ತಿದ್ದವು. ಜೀವ ಇರುವುದಕ್ಕೇ ಹೀಗಾ ಅಂತ ಅನುಮಾನ ಬಂತು. ಆಮೇಲೆ ಕಲ್ಲಿನ ಪುಡಿ ಹಾಕಿ ನೋಡಿದ. ಅದೂ ಕುಣಿಯಿತು. ಯಾಕೆ ಅಂತ ಅವನಿಗೆ ಹೇಳಲು ಆಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ, ಕಾಣದ ನೀರಿನ ಅಣುಗಳು ಎಲ್ಲಾ ದಿಕ್ಕಿನಿಂದ ತಳ್ಳುವುದರಿಂದ ಹೀಗಾಗುತ್ತದೆ ಅಂತ ತೋರಿಸಿದ. ಆಮೇಲೆ ಫ್ರಾನ್ಸಿನ ಜಾನ್ ಪೆರಾ ಆ ಕುಣಿತವನ್ನು ಅಳೆದು ಲೆಕ್ಕ ಸರಿ ಅಂತ ಸಾಬೀತು ಮಾಡಿ, 1926ರಲ್ಲಿ ನೊಬೆಲ್ ಪಡೆದ. ಅಲ್ಲಿಯವರೆಗೆ ಪರಮಾಣು ಇದೆ ಅನ್ನುವುದನ್ನೇ ದೊಡ್ಡ ದೊಡ್ಡ ವಿಜ್ಞಾನಿಗಳಲ್ಲಿ ಕೆಲವರು ಒಪ್ಪಿರಲಿಲ್ಲ. ಮಗಳು ಖಾಲಿ ಜಾಗವನ್ನು ನಂಬದಿದ್ದರೆ ಅದರಲ್ಲಿ ಆಶ್ಚರ್ಯ ಏನಿದೆ?

ಒಂದು ಮಾತು. ಹೆಂಚಿನ ಮನೆಯ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಕೋಲಿನಲ್ಲಿ ಧೂಳು ಆಡುವುದನ್ನು ತೋರಿಸಿ, ಇದೇ ಆ ಕುಣಿತ ಅಂತ ಕೆಲವರು ಹೇಳುತ್ತಾರೆ. ಅದು ಹಾಗಲ್ಲ. ಅಲ್ಲಿ ಧೂಳನ್ನು ಆಡಿಸುವುದು ಹೆಚ್ಚಾಗಿ ಮನೆಯೊಳಗಿನ ಗಾಳಿಯ ಸುಳಿ. ಬ್ರೌನ್ ಕಂಡ ಕುಣಿತ ಅದಕ್ಕಿಂತ ಎಷ್ಟೋ ಸಣ್ಣದು.

ಒಂದು ಭಾನುವಾರ ಬೆಳಗ್ಗೆ ಕಡುಬು. ಪಾತ್ರೆ ಮುಚ್ಚಳ ತೆಗೆಯುವಾಗ ಅವಸರ ಮಾಡಿ ಕೈ ಸುಟ್ಟುಕೊಂಡೆ. ಕುದಿಯುವ ನೀರು ಹಾರಿ ತಾಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಆವಿಯ ಕಣಗಳು ಒಂದನ್ನೊಂದು ಬಿಡಿಸಿಕೊಂಡು ಹೊರಗೆ ಬರಲು ತುಂಬಾ ಶಕ್ತಿ ತೆಗೆದುಕೊಂಡಿರುತ್ತವೆ. ಎಷ್ಟು ಅಂದರೆ, ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾದ ಶಕ್ತಿಯ ಐದು ಪಟ್ಟಿಗೂ ಜಾಸ್ತಿ, ಗ್ರಾಂಗೆ ಸುಮಾರು 2,260 ಜೂಲ್. ತಣ್ಣಗಿನ ಚರ್ಮ ತಾಗಿದ ಕೂಡಲೇ ಅವು ಮತ್ತೆ ನೀರಾಗಿ ಆ ಶಕ್ತಿಯನ್ನೆಲ್ಲ ಅಲ್ಲೇ ಬಿಟ್ಟುಬಿಡುತ್ತವೆ. ಕಡುಬು ಬೇಯುವುದೂ ಹೀಗೇ. ಕೈಗೆ ನೀರು ಬಿಟ್ಟುಕೊಳ್ಳುತ್ತಾ ಇದನ್ನು ಮಗಳಿಗೆ ಹೇಳಿದೆ.

ಪಾತ್ರೆಯಿಂದ ಏಳುವ ಬಿಳಿಯ ಹೊಗೆಯಂಥದ್ದನ್ನು ನಾವು ಆವಿ ಅನ್ನುತ್ತೇವೆ. ಅದು ಆವಿ ಅಲ್ಲ. ಆವಿ ಕಾಣುವುದಿಲ್ಲ. ಕುದಿಯುವ ಕೆಟಲ್ಲಿನ ಮೂತಿಗೆ ತೀರಾ ಹತ್ತಿರ ನೋಡಿ, ಒಂದು ಬೆರಳಿನಷ್ಟು ಜಾಗದಲ್ಲಿ ಏನೂ ಕಾಣುವುದಿಲ್ಲ, ಬಿಳಿ ಶುರುವಾಗುವುದು ಅದರಾಚೆ. ಅಲ್ಲಿ ಆವಿ ತಣ್ಣಗಾಗಿ ಸಣ್ಣ ಹನಿಗಳಾಗಿದೆ. ಮುಳ್ಳಯ್ಯನಗಿರಿಯ ಮೇಲೆ ನಮ್ಮನ್ನು ಸುತ್ತಿಕೊಳ್ಳುವ ಮಂಜೂ ಅನಿಲ ಅಲ್ಲ, ಗಾಳಿಯಲ್ಲಿ ತೇಲುವ ದ್ರವ. ರೆಪ್ಪೆ ಒದ್ದೆಯಾಗುವುದು ಅದಕ್ಕೇ. ಆ 1,930 ಮೀಟರ್ ಎತ್ತರದಲ್ಲಿ ನೀರು ಕಾಯಿಸಿದರೆ 93, 94 ಡಿಗ್ರಿಗೇ ಕುದಿಯುತ್ತದೆ. ಮೇಲಿನಿಂದ ಒತ್ತುವ ಗಾಳಿಯ ಕಣಗಳು ಅಲ್ಲಿ ಕಡಿಮೆ, ನೀರಿನ ಕಣಗಳಿಗೆ ಗುಳ್ಳೆ ಕಟ್ಟಿ ಹೊರಬರುವುದು ಅಷ್ಟು ಸುಲಭ.

ಕುದಿಯದೆಯೂ ನೀರು ಹೋಗುತ್ತದೆ. ನನ್ನ ಕಾಫಿ ಒಣಗುವುದು ಹಾಗೇ. ಹಣ್ಣಿನೊಳಗಿನ ನೀರಿನ ಕಣಗಳೆಲ್ಲ ಒಂದೇ ವೇಗದಲ್ಲಿ ಇರುವುದಿಲ್ಲ. ಯಾವುದಕ್ಕೋ ಅಕ್ಕಪಕ್ಕದವುಗಳಿಂದ ಜೋರಾಗಿ ಏಟು ಬಿದ್ದು ವೇಗ ಸಿಕ್ಕಿತೆಂದರೆ ಅದು ಹಾರಿ ಹೋಗುತ್ತದೆ. ವೇಗದವು ಹೋದ ಮೇಲೆ ನಿಧಾನದವು ಉಳಿಯುತ್ತವೆ, ಹಾಗಾಗಿ ಒದ್ದೆ ತಣ್ಣಗಾಗುತ್ತದೆ.  ಹಾರಿದವುಗಳಲ್ಲಿ ಕೆಲವು ತಿರುಗಿ ಬಂದು ಅಲ್ಲೇ ಸೇರುತ್ತವೆ. ಗಾಳಿ ಬೀಸಿದರೆ ಬರುವವುಗಳನ್ನು ಹೊತ್ತುಕೊಂಡು ಹೋಗುತ್ತದೆ. ಜುಲೈ ತಿಂಗಳಲ್ಲಿ ಬಟ್ಟೆ ನಾಲ್ಕು ದಿನ ಆದರೂ ಒಣಗದೆ ವಾಸನೆ ಹಿಡಿಯುವುದು, ಕೊನೆಗೆ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಹರವುವುದು ಮಲೆನಾಡಿನವರಿಗೆಲ್ಲ ಗೊತ್ತು. ಆ ದಿನಗಳಲ್ಲಿ ಬಟ್ಟೆಯಿಂದ ಎಷ್ಟು ಕಣ ಹೋಗುತ್ತದೋ ಹೆಚ್ಚುಕಡಿಮೆ ಅಷ್ಟೇ ವಾಪಸ್ ಬರುತ್ತದೆ. ನೋಡಲು ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಒಂದು ಕ್ಷಣವೂ ಬಿಡುವಿಲ್ಲದೆ ನಡೆಯುತ್ತಿರುತ್ತದೆ.

ಹಣ್ಣು ಒಣಗಲು ಎರಡು ವಾರ ಬಿಸಿಲು ಬೇಕು, ಮೋಡ ಇದ್ದರೆ ಇನ್ನೂ ಜಾಸ್ತಿ. ನೂರಕ್ಕೆ 10, 11ರಷ್ಟು ನೀರು ಉಳಿದರೆ ಸರಿ. ಈಗ ತೇವ ಅಳೆಯುವ ಮೀಟರ್ ಇದೆ, ಆದರೂ ನಾನು ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತೇನೆ. ಸಿಪ್ಪೆಯೊಳಗೆ ಬೀಜ ಗಲಗಲ ಅಂದರೆ ಆಯಿತು. ಮಗಳೂ ಈಗ ಹಾಗೇ ಮಾಡುತ್ತಾಳೆ.

ಸಂಜೆ ಹಣ್ಣನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುತ್ತೇವೆ, ಇಬ್ಬನಿ ಬೀಳಬಾರದು ಅಂತ. ಮೊನ್ನೆ ಬೆಳಗ್ಗೆ ಬಿಚ್ಚಲು ಹೋದಾಗ ಅವಳೂ ಬಂದಳು. ಟಾರ್ಪಾಲು ತುಂಬ ಹನಿ. ಅವಳು ಸ್ವೆಟರಿನ ತೋಳಿನಿಂದ ಮೇಲಿನ ಹನಿಗಳನ್ನು ಒಂದು ಅಂಗೈ ಅಗಲ ಒರೆಸಿದಳು. ಆಮೇಲೆ ಅದೇ ಜಾಗದ ಅಂಚು ಎತ್ತಿ ಒಳಮೈಗೆ ಬೆರಳು ಹಾಕಿ ನೋಡಿದಳು. ಅಲ್ಲೂ ಒದ್ದೆ.

"ಅಪ್ಪಾ, ಮೇಲಿಂದು ರಾತ್ರಿ ಗಾಳಿಯ ನೀರು. ಒಳಗಿಂದು ನಮ್ಮ ಕಾಫಿಯದ್ದು."

ಒಳಗಿನ ಹನಿ ತಿರುಗಿ ಹಣ್ಣಿನ ಮೇಲೆ ಉದುರದ ಹಾಗೆ ಇಬ್ಬರೂ ಎರಡು ತುದಿ ಹಿಡಿದು ಟಾರ್ಪಾಲನ್ನು ನಿಧಾನಕ್ಕೆ ಆಚೆ ಎಳೆದು, ಕಟ್ಟೆ ಮೇಲೆ ಕವುಚಿ ಹಾಕಿದೆವು.